ಗಂಟಿಲ್ಲದೆ

ಹತ್ತನೇ ಬಿ, ಬೆಳಗಿನ ಎರಡನೇ ಪಿರಿಯಡ್ಡು.
ಫ್ರಾನ್ಸಿನ ಪಾಠದಲ್ಲಿ ರಾಜನ ತಲೆ ಹೋಗಿ
ಆಗಲೇ ಮೂರು ದಿನ.
ಕಿಟಕಿಯಲ್ಲಿ ಬೇಯುವ ಗೂಡಿನ ವಾಸನೆ.
ಶಿಡ್ಲಘಟ್ಟದಲ್ಲಿ ಇಪ್ಪತ್ತು ವರ್ಷ ಕಳೆದ ಮೂಗಿಗೆ
ಅದು ವಾಸನೆಯಲ್ಲ, ಹೊತ್ತು.

ಅರ್ಧ ತರಗತಿ ತೂಕಡಿಸುತ್ತಿತ್ತು,
ನಸುಕಿಗೇ ಮನೆಯ ಚರಕದ ಮುಂದೆ ಕೂತು ಬಂದ ಕಣ್ಣುಗಳು.
ಪುಸ್ತಕ ಮುಚ್ಚಿದೆ. ಸೀಮೆಸುಣ್ಣದಲ್ಲಿ
ಎರಡು ಗೀಟು ಎಳೆದೆ, ಮೇಲಿಂದ ಕೆಳಕ್ಕೆ, ಸೊಟ್ಟಗೆ.
ಇದು ರೋನ್. ಹಿಮದ ಬೆಟ್ಟದಿಂದ ಬರುವ ಅವಸರದವನು.
ಇದು ಸೋನ್. ನಮ್ಮ ಸೋನೆಯಲ್ಲ, ಆದರೂ ಹಾಗೇ ಮೆಲ್ಲಗೆ.
ನಡುವೆ ನಾಲಿಗೆಯಂತೆ ಚಾಚಿದ ನೆಲ.
ಊರಿನ ಹೆಸರು ಲಿಯೋನ್.

"ವರ್ಷವೆಲ್ಲ ನೀರಿರುತ್ತಾ ಸಾರ್?"
ಕೊನೆಯ ಬೆಂಚಿನ ಮುನಿವೆಂಕಟ.
ಇರುತ್ತೆ ಅಂದೆ. ಯಾರೂ ನಂಬಲಿಲ್ಲ.
ನಂದಿಬೆಟ್ಟದಲ್ಲಿ ಐದು ಹೊಳೆ ಹುಟ್ಟುತ್ತವೆಂದು
ನಾಲ್ಕನೇ ಕ್ಲಾಸಿನಿಂದ ಬಾಯಿಪಾಠ ಮಾಡಿದವರು;
ಹುಟ್ಟಿದ್ದು ಕೇಳಿದ್ದಾರೆ, ಹರಿದದ್ದು ನೋಡಿಲ್ಲ.

ಅದೂ ರೇಷ್ಮೆಯ ಊರು, ಅಂದೆ.
ನಿದ್ದೆ ಹರಿಯಿತು.

ಗುಡ್ಡದ ಮೇಲೆ ಮಗ್ಗದವರ ಕೇರಿ.
ಮಗ್ಗದ ತಲೆ ತಾಗದಿರಲೆಂದು
ಚಾವಣಿಯನ್ನೇ ಎರಡಾಳು ಎತ್ತರಿಸಿದರು;
ಮಕ್ಕಳು ಅಟ್ಟದಲ್ಲಿ ಮುದುರಿ ಮಲಗಿದರಾಯಿತು.
ಮನೆಯೊಳಗಿಂದ ಮನೆಯೊಳಕ್ಕೆ ಸುರಂಗದಂಥ ಓಣಿಗಳು,
ಮಳೆಗೆ ನೆನೆಯಬಾರದು ನೋಡಿ:
ಹೊತ್ತವನಲ್ಲ, ಹೊತ್ತ ಬಟ್ಟೆ.
ಹೂವನ್ನು ರಟ್ಟಿನ ತೂತುಗಳಲ್ಲಿ ಬರೆದಿಟ್ಟರು,
ಮಗ್ಗ ತೂತು ಓದಿ ಗುಲಾಬಿ ನೇಯ್ದಿತು.
ಹಗಲಿಡೀ ಬಿಸ್ತಾಂಕ್ಲಾಕ್, ಬಿಸ್ತಾಂಕ್ಲಾಕ್.
ಸದ್ದು ಮಾಡಿ ತೋರಿಸಿದೆ. ನಕ್ಕರು. ನಗಲಿ.

"ಕೂಲಿ ಎಷ್ಟಂತೆ?"
ಅದೇ ಜಗಳ ಕಣಯ್ಯ.
ಇಷ್ಟು ನೇಯ್ದರೆ ಇಷ್ಟು ಅಂತ ದರ ಬರೆದುಕೊಡಿ ಅಂದರು.
ಬರೆದೂ ಆಯಿತು. ಸಾಹುಕಾರರಲ್ಲಿ ಕೆಲವರು
ಆ ಕಾಗದ ನಮಗಲ್ಲ ಅಂದರು.
ಸಾವಿರದೆಂಟುನೂರ ಮೂವತ್ತೊಂದು, ನವೆಂಬರಿನ ಚಳಿ,
ಕಪ್ಪು ಬಾವುಟ ಹಿಡಿದು ಗುಡ್ಡ ಇಳಿದರು:
ದುಡಿದು ಬದುಕೋದು, ಇಲ್ಲ ಕಾದಾಡಿ ಸಾಯೋದು.
ಕೆಲವು ದಿನ ಊರು ಅವರದೇ ಆಗಿತ್ತು.
ಆಮೇಲೆ ಸೈನ್ಯ ಬಂತು.
"ದರ?"
ಹೋಯಿತು.

ಗಟ್ಟಿ ಮೊಸರಿಗೆ ಬೆಳ್ಳುಳ್ಳಿ, ಹಸಿ ಸೊಪ್ಪು ಹೆಚ್ಚಿ ಹಾಕಿ
ಇವತ್ತಿಗೂ ಅಲ್ಲಿನ ಹೋಟೆಲಲ್ಲಿ ಕೊಡುತ್ತಾರಂತೆ,
ಅದರ ಹೆಸರು ನೇಕಾರನ ಮಿದುಳು.
ಬಯ್ಗುಳವೋ ಪ್ರೀತಿಯೋ ನನಗೆ ತಿಳಿಯದು.
ನಮ್ಮ ಮೊಸರುಬಜ್ಜಿಗೆ ಯಾರ ಹೆಸರೂ ಇಲ್ಲ.

ಆಮೇಲೆ ಆ ಸೀಮೆಯ ಹುಳಕ್ಕೆ ರೋಗ ಬಂತು,
ಮೈಮೇಲೆ ಮೆಣಸಿನಪುಡಿ ಉದುರಿಸಿದಂತೆ.
"ಗಂಟುರೋಗ," ಅಂದಳು ಪದ್ಮಾವತಿ, ಕೇಳುವ ಮೊದಲೇ.
ಅವಳಪ್ಪ ಹೋದ ಬೇಸಿಗೆ ಎರಡು ಬೆಳೆ ಸುಟ್ಟದ್ದು
ಊರಿಗೆಲ್ಲ ಗೊತ್ತು.
"ಚಂದ್ರಂಕಿ ತೊಳೆದಿದ್ದರಾ ಸಾರ್ ಅವರು?"
ಇತಿಹಾಸದಲ್ಲಿ ಅದನ್ನು ಬರೆದಿಲ್ಲ, ಅಂದೆ.
ಬರೆಯಬೇಕಿತ್ತು, ಎಂಬಂತೆ ನೋಡಿದಳು.

ಕೊನೆಗೆ ಎರಡೂ ಗೀಟು ಕೂಡುವಲ್ಲಿ
ಸಂಗಮವೆಂದು ದಪ್ಪ ಚುಕ್ಕೆ ಇಟ್ಟೆ.
ಹಾಜಿರಾ ಎದ್ದು ನಿಂತಳು. ವರ್ಷಕ್ಕೆರಡು ಮಾತಿನ ಹುಡುಗಿ,
ಬೆರಳ ತುದಿಯೆಲ್ಲ ಬಿಳಿಚಿ ನೆರಿಗೆ.
"ಗಂಟು ಹಾಕಬೇಡಿ ಸಾರ್.
ಒಂದು ಗೂಡಿನ ಎಳೆ ಮುಗೀತಾ ಬಂದ್ರೆ
ಇನ್ನೊಂದರ ತುದಿ ಮೇಲೆ ಎಸೀತೀವಿ, ಅಷ್ಟೇ.
ಅದರದೇ ಅಂಟು ಹಿಡಕೊಳ್ಳುತ್ತೆ.
ಗಂಟಿದ್ರೆ ಮಾಲು ವಾಪಸ್ಸು."
ಬಂದು ಬೆರಳಿನಿಂದಲೇ ಚುಕ್ಕೆ ಒರೆಸಿದಳು.
ಎರಡು ನೀರೂ ಸ್ವಲ್ಪ ದೂರ
ಅವರವರ ಬಣ್ಣದಲ್ಲೇ ಜೊತೆಯಾಗಿ ನಡೆದು
ಎಲ್ಲಿ ಒಂದಾದವೋ ಕಾಣಲಿಲ್ಲ.

ಗಂಟೆ ಹೊಡೆಯಿತು.
ಗಣಿತದ ಪಿಳ್ಳಪ್ಪ ಮೇಷ್ಟ್ರು ಬಾಗಿಲಲ್ಲಿ ನಿಂತು
"ಅಳಿಸಲಾ?" ಅಂದರು.
ಮೂಲೆಯಲ್ಲಿರಲಿ ಬಿಡಿ, ಅಂದೆ.
ಅವರು ನದಿಯ ಪಕ್ಕ ಜಾಗ ಮಾಡಿಕೊಂಡು
ಅಡ್ಡಪಟ್ಟಿ ಹಿಡಿದು ನೇರ ಎರಡು ಗೆರೆ ಎಳೆದರು:
ಸಮಾಂತರ ರೇಖೆಗಳು ಎಂದೆಂದಿಗೂ ಕೂಡುವುದಿಲ್ಲ.

ನಾನಿನ್ನೂ ಹೊಸ್ತಿಲು ದಾಟಿರಲಿಲ್ಲ.
ಹಿಂದಿನ ಬೆಂಚಿನಿಂದ ಯಾರೋ ಮೆಲ್ಲಗೆ
ಬಿಸ್ತಾಂಕ್ಲಾಕ್ ಅಂದರು.