ಬೆನ್ನಿಗೊಂದು ನೋಟು

ಆದವಾನಿಯ ಹತ್ತಿಪೇಟೆ, ಹಿಂದಿನ ಓಣಿ.
ನವರಾತ್ರಿಯ ಆರನೇ ದಿನ ಅಮ್ಮನಿಗೆ ನೋಟಿನ ಸೀರೆ.
ಜಿನ್ನಿಂಗ್ ಮಿಲ್ಲಿನ ಹಳೇ ಗುಮಾಸ್ತ ನಾನು, ಲೆಕ್ಕ ನನ್ನದು:
ಯಾರದು, ಎಷ್ಟು, ಮರಳಿತೋ ಇಲ್ಲವೋ.
ಸಾವಕಾರರು ತೆಲುಗಿನಲ್ಲಿ ಹೇಳುತ್ತಾರೆ,
ಪೆನ್ನು ಕನ್ನಡದಲ್ಲಿ ಬರೆದುಕೊಳ್ಳುತ್ತದೆ,
ತಾಯಿಗೆ ಎರಡೂ ಬರುತ್ತವೆಂಬ ಧೈರ್ಯ.

ಕೊಟ್ರಯ್ಯ ಮಡಿಸುತ್ತಾನೆ.
ಐನೂರರದು ನೆರಿಗೆ, ಇನ್ನೂರರ ಅರಿಶಿನ ಅಂಚಿಗೆ,
ನೂರರ ನೇರಳೆ ಸೆರಗಿಗೆ.
ಪಿನ್ನು ಚುಚ್ಚುವಂತಿಲ್ಲ, ಅಂಟು ಹಚ್ಚುವಂತಿಲ್ಲ,
ನಾಳೆ ಬ್ಯಾಂಕಿಗೆ ಹೋಗುವ ಸೀರೆ.
ಮೆಣಸಿನಕಾಯಿ ಮಂಡಿಯ ಕಟ್ಟು ಬಿಚ್ಚಿದರೆ ಅವನಿಗೆ ಸೀನು,
ಸೀನಿದರೆ ಮೊದಲಿಂದ ಎಣಿಕೆ.

ಸಂಜೆಗೆ ಹೊನ್ನೂರವ್ವ ಬಂದಳು,
ತಲೆಗೂದಲಲ್ಲಿ ಇನ್ನೂ ಹತ್ತಿಯ ಎಳೆ.
ಒಂದೇ ಒಂದು ಹತ್ತರ ನೋಟು,
ನಡುವೆ ಹರಿದು ಟೇಪು ಹಚ್ಚಿದ್ದು.
"ಬರಕೊಳ್ರೀ. ನಾಳಿಗಿ ವಾಪಸ್ ಬೇಕು ಮತ್ತ,
ಕೌತಾಳದ ಬಸ್ಸಿಗೆ ಕಮ್ಮಿ ಬೀಳತೈತಿ."
ಬರೆದೆ. ಕೊಟ್ರಯ್ಯ ಅತ್ತಿತ್ತ ಹಿಡಿದು ನೋಡಿದ:
ನೆರಿಗೆಗೆ ನಿಲ್ಲದು, ಅಂಚಿಗೆ ಹೊಂದದು.
ಪೂಜಾರಿಯ ಕೈಗಿತ್ತ; ಅವನು ಒಳಗೆಲ್ಲೋ ಸಿಕ್ಕಿಸಿದ.

ರಾತ್ರಿ ಊರೇ ಬಂತು.
ಸೀರೆ ಹಾರೀತೆಂದು ಫ್ಯಾನು ಹಾಕಿರಲಿಲ್ಲ.
ಬಾಗಿಲಲ್ಲಿ ಇಬ್ಬರು ಪೊಲೀಸರು,
ಬೂಟು ಬಿಟ್ಟು, ಲಾಠಿ ಬಿಡದೆ.
ಕೈ ಮುಗಿದವರ ತುಟಿ ಅಲುಗುತ್ತಿತ್ತು,
ಮಂತ್ರವೋ, ಮೊತ್ತವೋ.

ಉಡಿಸುವುದು ಕೆಳಗಿನಿಂದ ಮೇಲೆ,
ಬಿಚ್ಚುವುದು ಮೇಲಿನಿಂದ ಕೆಳಗೆ.
ಮಧ್ಯಾಹ್ನದೊಳಗೆ ಕಟ್ಟುಗಳೆಲ್ಲ ಮನೆ ಸೇರಿದವು.
ಹೊನ್ನೂರವ್ವನಿಗೆ ನನ್ನ ಜೇಬಿನಿಂದಲೇ
ಗರಿಗರಿ ಹತ್ತು ಕೊಟ್ಟೆ.
"ಇದು ನಂದಲ್ಲ."
ಹತ್ತು ಹತ್ತೇ ಅಲ್ಲವೇನವ್ವಾ?
"ಹತ್ತು ಹೌದು. ನಂದಲ್ಲ.
ನಂದು ರಾತ್ರಿಯೆಲ್ಲಾ ಆಕಿ ಮೈಮ್ಯಾಲಿತ್ತು."

ಪೂಜಾರಿ ಗೊಣಗುತ್ತ ಕೈ ಹಾಕಿದ
ಗೋಡೆಗೂ ಅಮ್ಮನಿಗೂ ನಡುವಿನ ಗೇಣಗಲ ಕತ್ತಲಲ್ಲಿ.
ಟಾರ್ಚು ಹಿಡಿದವ ನಾನು.
ಇಪ್ಪತ್ತಾರು ನವರಾತ್ರಿಯ ಲೆಕ್ಕ ಬರೆದವ
ಆ ಬೆನ್ನನ್ನು ಕಂಡೇ ಇರಲಿಲ್ಲ.
ಒಡವೆಯಿಲ್ಲ, ಕೆತ್ತನೆಯಿಲ್ಲ,
ಉಳಿ ಅವಸರದಲ್ಲಿ ಬಿಟ್ಟುಹೋದ ಗೀರು,
ಯಾರದೋ ಕಾಲದ ಎಣ್ಣೆಜಿಡ್ಡು.
ಅದರ ನಟ್ಟನಡುವೆ ಹತ್ತರ ನೋಟು
ನೋವಿಗೆ ಹಚ್ಚಿದ ಪಟ್ಟಿಯ ಹಾಗೆ
ಅಂಟಿಕೊಂಡಿತ್ತು.

ಉಗುರಿನಿಂದ ಮೆಲ್ಲಗೆ ಬಿಡಿಸಿದ.
ನೋಟು ಬಂತು. ಟೇಪಿನ ಒಂದು ತುಣುಕು
ಅಲ್ಲೇ ಉಳಿಯಿತು.

ಅವಳು ಸೆರಗಿಗೆ ಒರೆಸಿ, ಬೆಳಕಿಗೆ ಹಿಡಿದು, ತಲೆಯಾಡಿಸಿ
ಎಲೆಅಡಿಕೆ ಚೀಲದೊಳಗೆ ಹಾಕಿದಳು.
ಶಾಯಿಡಬ್ಬಿಯ ಮುಚ್ಚಳ ನಾನು ತೆಗೆಯುವ ಮೊದಲೇ
ಪಟ್ಟಿಯ ಕೊನೆಗೆ ಹೆಬ್ಬೆಟ್ಟು ಒತ್ತಿ ಎದ್ದು ಹೋದಳು,
ಬಸ್ಸಿನ ಹೊತ್ತಾಗಿತ್ತು.

ಎಣ್ಣೆ ಕಾಗದಕ್ಕೆ ಇಳಿಯಿತು.
ಅಲ್ಲಿ ಮಾತ್ರ, ಒಂದು ಹೆಬ್ಬೆರಳಿನಷ್ಟಗಲ,
ಪುಟ ತೆಳುವಾಗಿ
ಬರುವ ವರ್ಷಕ್ಕೆಂದು ಗೆರೆ ಎಳೆದಿಟ್ಟ
ಕೆಳಗಿನ ಖಾಲಿ ಹಾಳೆ ಕಾಣುತ್ತಿತ್ತು.