ಮೆಣಸು, ಸಾಸಿವೆ, ತಟ್ಟೆ

ಬ್ಲಾಕ್ ನಂಬರ್ ಹನ್ನೊಂದು ನಲವತ್ತೇಳು.
ಎಡಗಾಲು, ಎರಡನೆಯ ಬೆರಳು, ವಯಸ್ಸು ಐವತ್ತೊಂಬತ್ತು.
ಹೆಸರಿನ ಜಾಗದಲ್ಲಿದ್ದದ್ದನ್ನು ಎರಡು ಸಲ ಓದಿದೆ:
ಗಾದಿಲಿಂಗಪ್ಪ ಕೆ.

ಮೇಣವನ್ನು ಇಷ್ಟು ತೆಳ್ಳಗೆ ಕೊಯ್ಯಲು
ನನಗೆ ಕಲಿಸಿದವನೇ ಆತ.
ಬಳ್ಳಾರಿಯ ಏಪ್ರಿಲ್‌ಗೆ ಮೇಣವೂ ಬೆವರುತ್ತದೆಂದು
ಬ್ಲಾಕುಗಳನ್ನು ಐಸಿನ ಮೇಲಿಟ್ಟು
"ಕೂಸು ಮಲಗಲಿ, ಆಮೇಲೆ ಮುಟ್ಟು" ಅನ್ನುತ್ತಿದ್ದ.

ಡಾಕ್ಟರಾಗಲಿರುವ ಹುಡುಗರು
ಮೂರು ಉದ್ದುದ್ದ ಹೆಸರು ಬಾಯಿಪಾಠ ಮಾಡಿ
ಪರೀಕ್ಷೆಯಲ್ಲಿ ಅದಲುಬದಲು ಬರೆದು ಬಂದಾಗ
ಅವರಿಗೂ ಇವನೇ ಹೇಳಿಕೊಟ್ಟದ್ದು:
"ಸಾಯೋ ಕೋಶದ ನ್ಯೂಕ್ಲಿಯಸ್ ಐತಲ್ಲ,
ಮೊದ್ಲು ನೇರಳೆಹಣ್ಣು ಒಣಗಿ ಮೆಣಸಿನಕಾಳು.
ಆಮೇಲೆ ಸಾಸಿವೆ ಸಿಡಿದಂಗೆ, ಸದ್ದಿಲ್ದೆ.
ಕೊನಿಗೆ ತೊಳೆದಿಟ್ಟ ತಟ್ಟೆ. ಅಷ್ಟೇ."

ನಮ್ಮವ್ವ ಕೌಲ್ ಬಜಾರಿನಲ್ಲಿ
ಜೀನ್ಸ್ ಒಗೆಯುವ ಘಟಕದಲ್ಲಿ ಮೊಣಕೈವರೆಗೂ ನೀಲಿ.
"ನೀಲಿ ಬಿಡಿಸಾಕೆ ನಿಮ್ಮವ್ವಗೆ ಕೂಲಿ,
ನೀಲಿ ಹಿಡಿಸಾಕೆ ನಿನಗೆ ಸಂಬಳ,
ಎಂಥಾ ಮನೆತನವ್ವ ನಿಮ್ದು" ಅಂತ ನಗುತ್ತಿದ್ದ.

ಮೋತಿ ಸರ್ಕಲ್ಲಿನ ಡಾಂಬರಿನಲ್ಲಿ
ಚಪ್ಪಲಿ ಕಳಚಿದ್ದು ತಿಳಿಯದೆ
ನಾಲ್ಕು ಹೆಜ್ಜೆ ನಡೆದಿದ್ದನಂತೆ ಹೋದ ತಿಂಗಳು.
ಬೆರಳು ಅವನಿಗೆ ಹೇಳಲೇ ಇಲ್ಲ.

ಧೈರ್ಯಕ್ಕೆಂದು ಅಂಚಿನಿಂದ ನೋಡತೊಡಗಿದೆ.
ಅಲ್ಲಿ, ರಕ್ತನಾಳದ ಪಕ್ಕದಲ್ಲಿ, ತುಂಬಿದ ನೇರಳೆಗಳು.
ಸ್ಲೈಡು ಸರಿಸಿದೆ. ಮೆಣಸು.
ಇನ್ನಷ್ಟು. ಸಾಸಿವೆ, ಯಾರೋ ಒಗ್ಗರಣೆ ಹಾಕಿ
ಒಲೆ ಆರಿಸದೆ ಎದ್ದು ಹೋದಂತೆ.
ಆಮೇಲೆ ಗುಲಾಬಿ, ಬರೀ ಗುಲಾಬಿ:
ಕೋಶಕೋಶದ ಗೆರೆ ಹಾಗೇ ಇದೆ, ಹೊಲಿಗೆ ಬಿಚ್ಚಿಲ್ಲ,
ನೀಲಿಗೆ ಹಿಡಿದುಕೊಳ್ಳಲು ಒಳಗೆ ನೂಲೇ ಇಲ್ಲ.
ಕತ್ತರಿ ಹೊರಗಿನದಲ್ಲ.
ತನ್ನಲ್ಲೇ ಮಡಚಿಟ್ಟುಕೊಂಡಿದ್ದನ್ನು
ಉಸಿರು ಬಾರದ ದಿನ ತಾನೇ ಬಿಚ್ಚಿದೆ.

ಸಂಜೆ ವಾರ್ಡಿಗೆ ಹೋದೆ.
ದಿಂಬಿನ ಮೇಲೆ ಕಾಲು, ಎದೆಯ ಮೇಲೆ ಪೇಪರಿನ ಪೊಟ್ಟಣ,
ಸಿಸ್ಟರಿಗೆ ಕಾಣದ ಹಾಗೆ ಮಂಡಕ್ಕಿ ಒಗ್ಗರಣಿ ತಿನ್ನುತ್ತಿದ್ದ.
ನೋವಿನ ಮಾತಿಲ್ಲ, ಸಕ್ಕರೆಯ ಮಾತಿಲ್ಲ.
"ಕಲರ್ ಚೆಂದ ಹಿಡೀತೇನು?"

ಅಂಚಿನಲ್ಲಿ ಚೆನ್ನಾಗಿ ಹಿಡಿದಿದೆ ಸರ್, ಅಂದೆ.

ಅಗಿಯುವುದು ನಿಲ್ಲಿಸಿದ.
"ಎಷ್ಟಗಲ ಅಂಚು?"

ಮಾತು ಬಾರದೆ ಹೆಬ್ಬೆರಳು ಚಾಚಿ
ಉಗುರಿನ ಅರ್ಧ ತೋರಿಸಿದೆ.
ಆತ ಅದನ್ನೇ ಬಹಳ ಹೊತ್ತು ನೋಡಿದ.
ಎರಡು ಸಲ ಸೋಪು ಹಾಕಿ ತೊಳೆದಿದ್ದರೂ
ಉಗುರ ಸಂದಿಯಲ್ಲಿ ಇನ್ನೂ ನೀಲಿ ಇತ್ತು.