ತೋಳಿಲ್ಲದ್ದು

ಬೆಳಿಗ್ಗೆ ಎಂಟಕ್ಕೇ ಮೂವತ್ತಾರು.
ನಲವತ್ನಾಲ್ಕಕ್ಕೆ ಏರುತ್ತದೆ ಎಂದ ರೇಡಿಯೋದವನು
ಕ್ರಿಕೆಟ್ ಸ್ಕೋರು ಹೇಳುವ ಹುರುಪಿನಲ್ಲಿ.
ಅಡಿಲೇಡಿನ ಈ ಕಡಲ ದಂಡೆಯ ಬೀದಿಯಲ್ಲಿ
ಒಂದು ನಾಯಿಯೂ ಇಲ್ಲ.
ಚಳ್ಳಕೆರೆಯ ಬಿಸಿಲು ಬೇವಿನ ಮರ ಕಂಡರೆ ನಿಲ್ಲುತ್ತಿತ್ತು;
ಇಲ್ಲಿಯದು ಮರುಭೂಮಿಯಿಂದ ನೆಟ್ಟಗೆ ಬಂದು
ಬಾಗಿಲು ತಟ್ಟದೆ ಒಳಗೆ ಕೂರುತ್ತದೆ.

ಬೀರು ತೆಗೆದೆ.
ಪಾಲಿಯೆಸ್ಟರ್ ಸೀರೆಗಳು, ಮಡಿಕೆ ಮುರಿಯದವು.
ತೊಳೆದರೆ ಹತ್ತು ನಿಮಿಷಕ್ಕೆ ಒಣಗುತ್ತವೆ,
ಉಟ್ಟರೆ ನಾನು ಒಣಗುವುದಿಲ್ಲ.
ಕೆಳಗೆ ಲಂಗ, ಮೇಲೆ ಕುಪ್ಪಸ, ಅದರೊಳಗೆ ಇನ್ನೊಂದು,
ಪಿನ್ನು, ಪಿನ್ನಿಗೆ ಕಾವಲು ಮತ್ತೊಂದು ಪಿನ್ನು.
ಸೊಂಟದ ಸುತ್ತ ಲಾಡಿ ಬಿಗಿದ ಕಪ್ಪು ಗೆರೆ,
ಬಾವಿಕಟ್ಟೆಯ ಕಲ್ಲನ್ನು ಹಗ್ಗ ಕೊರೆದ ಹಾಗೆ.

ಹೋದ ವಾರ ಚರ್ಚಿನವರ ಹಳೇ ಬಟ್ಟೆ ಅಂಗಡಿಯಲ್ಲಿ
ಆರು ಡಾಲರಿಗೆ ಸಿಕ್ಕಿತು ಈ ಅಂಗಿ.
ಲಿನನ್. ಹುಣಸೆಚಿಗುರಿನ ಬಣ್ಣ.
ಮಂಡಿಗಿಂತ ನಾಲ್ಕು ಬೆರಳು ಕೆಳಗೆ.
ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತಾರು ವರ್ಷ
ಇಸ್ತ್ರಿ ಹಾಕಿದ ಬೆರಳಿಗೆ ಬಟ್ಟೆಯ ಕುಲ ಕೇಳಬೇಕಿಲ್ಲ:
ಯಾವುದು ಉಸಿರಾಡುತ್ತದೆ,
ಯಾವುದು ಉಸಿರು ಕಟ್ಟಿಸುತ್ತದೆ.

ಇದಕ್ಕೆ ಜೇಬಿದೆ. ಎರಡು!
ಅರವತ್ತೆಂಟು ವರ್ಷ ನನ್ನ ಬಟ್ಟೆಗೆ ಜೇಬೇ ಇರಲಿಲ್ಲವೆಂದು
ಅಂಗಡಿಯಲ್ಲಿ ನಿಂತಾಗಲೇ ಹೊಳೆದದ್ದು.
(ಲಾಂಡ್ರಿಯ ಏಪ್ರನ್ನಿಗಿತ್ತು; ಅದು ಅವರದು.)
ಕೀಲಿಕೈ ಸೊಂಟದಲ್ಲಿ, ದುಡ್ಡು ಎದೆಯಲ್ಲಿ,
ಮಿಕ್ಕದ್ದೆಲ್ಲ ಗಂಡನ ಜೇಬಿನಲ್ಲಿ.

ಆದರೆ ತೋಳಿಲ್ಲ.

ಕನ್ನಡಿ ಮುಂದೆ ಕೈ ಎತ್ತಿದೆ.
ನಾನು ನಿಂತ ಮೇಲೂ
ತೋಳಡಿಯ ಚರ್ಮ ಒಂದಿಷ್ಟು ಹೊತ್ತು ತೂಗಿತು.
ಮೊಳಕೈತನಕ ರಾಗಿ, ಮೇಲೆ ಗೋಧಿ:
ರವಿಕೆ ಇಷ್ಟು ಕಾಲ ಗಡಿ ಕಾದಿದೆ.
ಊಟ ತನ್ನಿಚ್ಛೆ, ನೋಟ ಪರರಿಚ್ಛೆ
ಅನ್ನುತ್ತಿದ್ದಳು ದೊಡ್ಡಮ್ಮ.
ಊಟವೂ ಈಗ ನನ್ನಿಚ್ಛೆಯದಲ್ಲ ದೊಡ್ಡಮ್ಮ,
ಸಕ್ಕರೆ ಕಾಯಿಲೆಯ ಡಾಕ್ಟರದು.
ಇದೊಂದಾದರೂ ನನಗಿರಲಿ.

ಸರ್ವಮಂಗಳಾ ಫೋನಿನಲ್ಲಿ: ಒಂದು ವೇಲಾದರೂ ಹೊದ್ದುಕೊಳ್ಳೇ.
ಹೊದ್ದರೆ ಬೇಯುತ್ತೇನೆ, ಅಂದೆ.
ಜನ ಏನಂತಾರೆ?
ಯಾವ ಜನ, ಬೀದೀಲಿ ನಾಯಿಯೂ ಇಲ್ಲ.

ಇದ್ದಳು ಒಬ್ಬಳು, ಬಸ್ ಸ್ಟಾಪಿನಲ್ಲಿ.
ಮೂರನೇ ಮನೆಯ ಗ್ರೀಕ್ ಮುದುಕಿ ಸ್ತಮಾತಿಯಾ,
ಗಂಡ ಸತ್ತಂದಿನಿಂದ ಕಪ್ಪೇ ಉಡುವವಳು,
ಮಣಿಕಟ್ಟಿನತನಕ ತೋಳು, ಕತ್ತಿನತನಕ ಗುಂಡಿ.
ನನ್ನ ತೋಳನ್ನೇ ದಿಟ್ಟಿಸಿದಳು.
ಇಲ್ಲದ ಸೆರಗಿಗೆ ನನ್ನ ಕೈ
ಹೆಗಲತನಕ ಹೋಗಿ ಬರಿಗೈಯಾಗಿ ಬಂತು.

ಅವಳ ಬೆರಳು ಮುಟ್ಟಿದ್ದು ಮಚ್ಚೆಯನ್ನಲ್ಲ, ಸುಕ್ಕನ್ನಲ್ಲ;
ನಾನೇ ಮರೆತಿದ್ದ ಎರಡು ಬಟ್ಟಲುಗುಳಿ,
ಶಾಲೆಗೆ ಬಂದು ಸಾಲು ನಿಲ್ಲಿಸಿ
ದಾಕು ಹಾಕಿ ಹೋದವರ ಗುರುತು.
ಮೇಷ್ಟ್ರ ಮೇಜಿನಡಿ ಅಡಗಿದ್ದೆ ಅವತ್ತು.

ತನ್ನ ತೋಳು ಮಡಚಲು ನೋಡಿದಳು,
ಮೊಳಕೈ ದಾಟಲಿಲ್ಲ ಬಿಗಿ ಕಪ್ಪು.
ಆಗ ಅಲ್ಲೇ, ರಸ್ತೆಯಲ್ಲೇ,
ಕತ್ತಿನಿಂದ ಒಂದೊಂದೇ ಗುಂಡಿ ಬಿಚ್ಚಿ
ಹೆಗಲು ಜಾರಿಸಿ ತೋರಿಸಿದಳು:
ಅದೇ ಗುಳಿ. ಒಂದು. ನನ್ನದಕ್ಕಿಂತ ದೊಡ್ಡದು.
ತನ್ನ ಭಾಷೆಯಲ್ಲಿ ಏನೋ ಅಂದಳು.
ದಾಕು, ಅಂದೆ ನಾನು.
ದಾಕು, ಅಂದಳು.
ಇಬ್ಬರೂ ನಕ್ಕೆವು, ನಮ್ಮ ತೋಳುಗಳೂ ಕುಲುಕಿದವು.

ಬಸ್ಸು ಬಂತು.
ಹೆಗಲು ಸರಿಮಾಡಿಕೊಂಡಳು,
ಮೇಲಿನ ಎರಡು ಗುಂಡಿ ಹಾಗೇ ಬಿಟ್ಟಳು.
ಕಾರ್ಡಿಗೆಂದು ನನ್ನ ಕೈ ರೂಢಿಯಂತೆ ಎದೆಗೆ ಹೋಯಿತು,
ಆಮೇಲೆ ನೆನಪಾಗಿ
ಕೆಳಗಿಳಿಯಿತು, ಜೇಬಿಗೆ.